ಒಂದೀಟ ಪ್ಲಸ್

ಕ್ಯಾಮೆರಾ ಕೈಯಲ್ಲಿ ಇಲ್ಲದಾಗಲೂ ಕಾಕೂನ ಎಡಗಣ್ಣು ಅರ್ಧ ಮುಚ್ಚಿಯೇ ಇರುತ್ತಿತ್ತು. ಸಂತೆಯಲ್ಲಿ ಬದನೆಕಾಯಿಯನ್ನೂ ಹಾಗೆಯೇ ನೋಡುತ್ತಿದ್ದರಿಂದ, ಇವರು ಕಣ್ಣು ಹೊಡೆದರೇನೋ ಎಂದು ಹೊಸ ಕಾಯಿಪಲ್ಲೆಯವರು ಗಾಬರಿಯಾಗುತ್ತಿದ್ದರು. ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಹಿಂದೆ ಅವರ ಫೋಟೋ ಸ್ಟುಡಿಯೋ. ನಮಗೆ ಸಂಬಂಧವೇನಲ್ಲ, ಊರವರೆಲ್ಲ ಕಾಕೂ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು, ನಾನೂ ಅಂದೆ.

ಅವ್ವ ನನ್ನನ್ನು ಕಬ್ಬೂರಿನಿಂದ ಅಲ್ಲಿಗೆ ಕರೆದೊಯ್ದದ್ದು ವರನ ಕಡೆಯವರಿಗೆ ಕಳಿಸುವ ಫೋಟೋಕ್ಕಾಗಿ. ಅಷ್ಟರಲ್ಲಿ ನನಗೆ ಸಾಕಾಗಿ ಹೋಗಿತ್ತು. ನನ್ನ ಬಣ್ಣ ಕಪ್ಪು. ಬೇರೆ ಕಡೆ ತೆಗೆಸಿದ ಹಿಂದಿನ ಫೋಟೋದಲ್ಲಿ ನನ್ನನ್ನು ಹಾಲಿನಲ್ಲಿ ಅದ್ದಿ ತೆಗೆದಂತೆ ಮಾಡಿದ್ದರು. ಅದನ್ನು ನಂಬಿ ನಿಪ್ಪಾಣಿಯವರು ಬಂದರು, ಅಥಣಿಯವರು ಬಂದರು. ಅವಲಕ್ಕಿ ತಿನ್ನುತ್ತ ಮೊಬೈಲ್ ನೋಡಿ, ನನ್ನನ್ನು ನೋಡಿ, ಮತ್ತೆ ಮೊಬೈಲ್ ನೋಡಿ, "ತಿಳಿಸ್ತೀವ್ರಿ" ಎಂದು ಎದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಮ್ಮವ್ವನಿಗೆ ಆ ಹೆಗ್ಗಣ ಬೆಳ್ಳಗೂ ಇರಬೇಕಿತ್ತು.

ಕಾಕೂ ನನ್ನನ್ನು ಬಿಳಿ ಗೋಡೆಯ ಮುಂದೆ ನಿಲ್ಲಿಸಿ ಒಂದು ಫೋಟೋ ತೆಗೆದು ತೋರಿಸಿದರು. ಮುಖ ಕರಿಹಂಚಾಗಿತ್ತು. ಅವ್ವ ನಿಟ್ಟುಸಿರು ಬಿಟ್ಟಳು.

"ಈ ಕ್ಯಾಮೆರಾ ಅಂಜುಬುರುಕ ಐತಿ," ಅಂದರು ಕಾಕೂ. "ಬಿಳೇ ಗ್ವಾಡಿ ಕಂಡ್ರ ಬೆಳಕ ಭಾಳ ಆತು ಅಂತ ತಿಳದು ಎಲ್ಲಾ ಕಪ್ಪ ಮಾಡತೈತಿ. ಹಂಗೇನಿಲ್ಲೋ ಮಾರಾಯಾ ಅಂತ ನಾವ ಒಂದೀಟ ಪ್ಲಸ್ ಕೊಡಬೇಕು."

ಹೆಬ್ಬೆರಳಿನಿಂದ ಕ್ಯಾಮೆರಾದ ಚಕ್ರ ತುಸು ತಿರುಗಿಸಿ ಇನ್ನೊಂದು ತೆಗೆದರು. ನನ್ನ ಕಡೆ ಹಿಡಿದು, "ಇಕಾ, ಈಗ ನೀ ಬಂದಿ ನೋಡು" ಅಂದರು. ನಿಜಕ್ಕೂ ಬಂದಿದ್ದೆ. ಕನ್ನಡಿಯಲ್ಲಿ ದಿನಾ ನೋಡುವ ಬಣ್ಣ, ದಣಿದ ಕಣ್ಣು, ಎಲ್ಲ ನನ್ನವೇ.

"ಇನ್ನೊಂದೀಟ ಪ್ಲಸ್ ಮಾಡ್ರಿ ಅಕ್ಕಾರ," ಅಂದಳು ಅವ್ವ.

"ಮಾಡಬಹುದು ತಂಗಿ. ಆದ್ರ ಮುಖದ ಕಳಾ ಹೋಗಿ ಬರೇ ಬೆಳಕ ಉಳಿತೈತಿ. ಅವ್ರು ಬೆಳಕ ನೋಡಾಕ ಬರ್ತಾರೋ, ಹುಡುಗೀನ ನೋಡಾಕ ಬರ್ತಾರೋ?"

ಆ ಫೋಟೋ ನೋಡಿಯೇ ಎರಡು ಕಡೆಯವರು ಬೇಡವೆಂದರು. ಅವ್ವ ಕಾಕೂನನ್ನು ಬಾಯಿತುಂಬ ಬೈದಳು. ನನಗೆ ಮಾತ್ರ ಸೀರೆ ಉಟ್ಟು, ತಟ್ಟೆ ಹಿಡಿದು ನಿಲ್ಲುವುದು ತಪ್ಪಿತಲ್ಲ ಎಂದು ಹಾಯೆನಿಸಿತು. ಮುಂದೆ ಚಿಕ್ಕೋಡಿಗೆ ಹೋದಾಗ ಹೇಳಿದೆ. "ಚಲೋ ಆತ್ ಬಿಡು, ಅವಲಕ್ಕಿ ಉಳೀತು," ಅಂದರು ಕಾಕೂ. ಅವರು ಆಗಲೇ ಸೊರಗಿದ್ದರು. ಸಕ್ಕರೆ ಕಾಯಿಲೆಯಿಂದ ಕಾಲು ಬಾತು, ಕುರ್ಚಿಯಲ್ಲಿ ಕುಳಿತೇ ಫೋಟೋ ತೆಗೆಯುತ್ತಿದ್ದರು. ಆ ಚಳಿಗಾಲ ದಾಟಲಿಲ್ಲ.

ಅವರು ತೀರಿಕೊಂಡ ಮೇಲೆ ರಾಯಬಾಗದಿಂದ ಒಂದು ಮನೆಯವರು ಬಂದರು. ಹುಡುಗನ ತಾಯಿ ಮೊಬೈಲನ್ನು ದೂರ ಹಿಡಿದು ಕಾಕೂ ತೆಗೆದ ಫೋಟೋ ನೋಡಿದರು, ನನ್ನನ್ನು ನೋಡಿದರು. "ಫೋಟೋದಾಗ ಹೆಂಗದಾಳೋ ಹಂಗ ಅದಾಳ," ಎಂದು ಮಗನಿಗೆ ಹೇಳಿ ಚಹಾದ ಕಪ್ಪು ತೆಗೆದುಕೊಂಡರು. ಅವರೇ ಇಂದು ನನ್ನ ಅತ್ತೆ. ಅಂದು ಮಾತ್ರ ನಾನು ಅಡಿಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಆ ಮಾತನ್ನು ಯಾರಿಗೆ ಹೋಗಿ ಹೇಳಬೇಕಿತ್ತೋ ಅವರು ಚಿಕ್ಕೋಡಿಯಲ್ಲಿರಲಿಲ್ಲ.