ತಟ್ಟೆಯಕ್ಕನ ತೆಳುನೀಲಿ ಲೆಕ್ಕ

ಬೆಳಕು ಹರಿಯುವ ಮೊದಲೇ ಸಂಶೋಧನಾಲಯದ ಎರಡನೇ ಮಹಡಿಯಲ್ಲಿ ಒಂದು ದೀಪ ಹೊತ್ತಿಕೊಳ್ಳುತ್ತದೆ. ದೀಪ ಹಚ್ಚಿದ ಮಹಿಳೆ ಮೊಣಕೈವರೆಗೆ ಕೈ ತೊಳೆದು, ಕೈಗವಸು ತೊಟ್ಟು, ಮೈಬಿಸಿಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯ ಬಾಗಿಲು ತೆರೆಯುತ್ತಾರೆ. ಒಳಗೆ ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಗಳು. ಅವುಗಳಲ್ಲಿ ಬರಿಗಣ್ಣಿಗೆ ಕಾಣದ ಜೀವಕೋಶಗಳು. ಹಳೆಯ ದ್ರವವನ್ನು ಹೀರಿ ತೆಗೆದು, ಹೊಸದನ್ನು ಅಂಚಿನಿಂದ ಹನಿಹನಿಯಾಗಿ ಇಳಿಸುತ್ತಾರೆ. ನೇರವಾಗಿ ಸುರಿದರೆ ಕೋಶಗಳು ಬುಡ ಬಿಟ್ಟು ಎದ್ದುಬಿಡುತ್ತವೆ. ಇದೇ ಅವುಗಳ ಊಟ.

“ಭಾನುವಾರನೂ ಬರ್ತೀರಾ ಅಂತ ಎಲ್ರೂ ಕೇಳ್ತಾರೆ. ಹಸಿದ ಕೂಸಿಗೆ ಭಾನುವಾರ ಗೊತ್ತಾಗುತ್ತಾ?” ಎನ್ನುತ್ತಾರೆ.

ಗಾಜಿನ ಸಾಮಾನು ತೊಳೆಯಲೆಂದು ಬಂದವರು ಇವರು. ಇವರ ಕೈಹದ ಕಂಡು ಇಲ್ಲಿನವರು ಕೋಶ ಸಾಕುವ ಕೆಲಸ ಕಲಿಸಿದರು. ವಿದ್ಯಾರ್ಥಿಗಳು ಬರುತ್ತಾರೆ, ಪದವಿ ಕಟ್ಟಿಕೊಂಡು ಹೋಗುತ್ತಾರೆ. ಅವರ ಪ್ರಬಂಧಗಳಲ್ಲಿ ಇವರ ಸುದ್ದಿಯೇ ಇರುವುದಿಲ್ಲ. ಒಂದು ಸಾಲು ಬರೆದರೆ ಯಾರ ಗಂಟು ಹೋಗುತ್ತಿತ್ತೋ! ಇಲ್ಲಿ ಎಲ್ಲರಿಗೂ ಇವರು ‘ತಟ್ಟೆಯಕ್ಕ’, ಅಷ್ಟೇ.

ಆಮ್ಲಜನಕ ಜೀವ ಕಾಯುತ್ತದೆ, ನಿಜ. ಹದ ತಪ್ಪಿದರೆ ಅದೇ ಕೋಶವನ್ನು ಒಳಗಿನಿಂದ ತಿನ್ನುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ. ಪಾರ್ಶ್ವವಾಯು ಬಡಿದ ಮಿದುಳಿಗೆ ಈ ಪೆಟ್ಟೂ ಬೀಳುತ್ತದೆ. ಇಲ್ಲಿ ಮಿದುಳಿನ ಕೋಶಗಳಿಗೆ ಬೇಕೆಂದೇ ಅಂಥ ಪೆಟ್ಟು ಕೊಡುತ್ತಾರೆ. ಕೆಲವು ತಟ್ಟೆಗಳ ಮೇಲೆ ಪುಟ್ಟ ಜರಡಿಯಲ್ಲಿ ಕಾಂಡಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಕೂರಿಸುತ್ತಾರೆ. ಅವು ಸುರಿಸುವ ರಸ ಕೆಳಗಿಳಿದು ಕಾವಲು ಕಾಯುತ್ತದೆ. ಉಳಿದ ತಟ್ಟೆಗಳಿಗೆ ಕಾವಲಿಲ್ಲ. ಎರಡರಲ್ಲೂ ಎಷ್ಟು ಬದುಕಿದವು ಎಂದು ಎಣಿಸುವುದು ತಟ್ಟೆಯಕ್ಕನ ಕೆಲಸ. ಬಣ್ಣ ಹನಿಸಿದರೆ ಸತ್ತ ಕೋಶ ನೀಲಿಯಾಗುತ್ತದೆ, ಬದುಕಿದ್ದು ತಿಳಿಯಾಗಿಯೇ ಇರುತ್ತದೆ. ಚೂರು ನೀಲಿ ಕಂಡರೂ ಸತ್ತಂತೆಯೇ ಲೆಕ್ಕ ಎಂಬುದು ಇಲ್ಲಿನ ಕಟ್ಟಳೆ.

ಮನೆಯಲ್ಲಿ ಯಜಮಾನರಿದ್ದಾರೆ. ಬೀಗ ರಿಪೇರಿಯವರು, ಎಂಥ ಹಟಮಾರಿ ಬೀಗವೂ ಅವರ ಕೈಗೆ ಸಿಕ್ಕರೆ ಬಾಯಿ ಬಿಡುತ್ತಿತ್ತು. ನಾಲ್ಕು ವರ್ಷದ ಹಿಂದೆ ಪಾರ್ಶ್ವವಾಯು ಅವರ ಬಲಗೈಯನ್ನೂ ಅರ್ಧ ಮಾತನ್ನೂ ಕಿತ್ತುಕೊಂಡಿತು. ಅಂದಿನಿಂದ ಹೆಂಡತಿ ಸಂಜೆ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಅವರದೊಂದೇ ಪ್ರಶ್ನೆ: “ಎಷ್ಟು... ಉಳಿದ್ವು?”

ಅದಕ್ಕೊಂದು ಒಳ್ಳೆಯ ಉತ್ತರ ಒಯ್ಯಬೇಕೆಂಬ ಆಸೆಯೇ ಮುಳುವಾಯಿತು. ಕಾವಲಿದ್ದ ತಟ್ಟೆಯಲ್ಲಿ ತೆಳುನೀಲಿ ಕೋಶ ಕಂಡರೆ, ಇನ್ನೂ ಜೀವವಿದೆ ಎಂದು ಬದುಕಿದ ಲೆಕ್ಕಕ್ಕೆ ಸೇರುತ್ತಿತ್ತು. ಕಾವಲಿಲ್ಲದ ತಟ್ಟೆಯ ಅಂಥದೇ ತೆಳುನೀಲಿ ಸತ್ತ ಲೆಕ್ಕಕ್ಕೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಹಾಗಾಯಿತು. ಪಕ್ಕದ ಮೇಜಿನ ಸಹೋದ್ಯೋಗಿ ಮತ್ತೆ ಎಣಿಸಿದಾಗ ಲೆಕ್ಕ ತಾಳೆಯಾಗಲಿಲ್ಲ. ತಟ್ಟೆಯಕ್ಕ ತಪ್ಪುವುದುಂಟೇ ಎಂದುಕೊಂಡರು ಎಲ್ಲರೂ. ಬೈಸಿಕೊಂಡವರು ಸಹೋದ್ಯೋಗಿ. ಆಕೆ ಎಲ್ಲರೆದುರು ತಲೆ ತಗ್ಗಿಸಿ ನಿಂತಿದ್ದಾಗ ತಟ್ಟೆಯಕ್ಕನ ನಾಲಿಗೆ ಹೊರಳಲಿಲ್ಲ.

“ಅವತ್ತು ಸಂಜೆ ಮನೇಲಿ ಇವರ ಮುಂದೆ ಎಲ್ಲಾ ಹೇಳ್ಬಿಟ್ಟೆ.”

ಯಜಮಾನರು ಕೇಳಿಸಿಕೊಂಡರು. ಒಂದೊಂದೇ ಮಾತನ್ನು ಹುಡುಕಿ ಹುಡುಕಿ ತೆಗೆದರು: “ಎಣ್ಣೆ... ತುಕ್ಕು ಹಿಡಿಯೋಕೆ ಮುಂಚೆ ಹಾಕ್ಬೇಕು. ನಂದು... ತಿಂದು ಹೋಗಿದೆ. ನನಗೋಸ್ಕರ... ಎಣಿಸ್ಬೇಡ.”

ಮರುದಿನ ತಟ್ಟೆಯಕ್ಕ ಸಂಶೋಧನಾಲಯದ ಮುಖ್ಯಸ್ಥೆಯ ಮುಂದೆ ನಿಂತರು. “ಮೇಡಂ, ತಪ್ಪು ಅವರದ್ದಲ್ಲ, ನಂದು. ನನ್ನ ಕಣ್ಣು ಒಂದು ಕಡೆಗೆ ವಾಲಿದೆ.” ಮನೆಗೆ ಹೋಗು ಅನ್ನುತ್ತಾರೆಂದೇ ತಿಳಿದಿದ್ದರು. ಮುಖ್ಯಸ್ಥೆ ಹಾಗನ್ನಲಿಲ್ಲ, ಮೊದಲು ಸಹೋದ್ಯೋಗಿಯನ್ನು ಕರೆಸಿ ತಾವೇ ಕ್ಷಮೆ ಕೇಳಿದರು. ತಿಂಗಳುಗಟ್ಟಲೆಯ ಕೆಲಸ ನೀರಿನಲ್ಲಿ ಹೋಮವಾಗಿ, ಪ್ರಯೋಗ ಮೊದಲಿನಿಂದ ಶುರುವಾಯಿತು. ತಟ್ಟೆಯಕ್ಕ ಬೇಡಿಕೊಂಡದ್ದು ಒಂದೇ: ಯಾವ ತಟ್ಟೆಗೆ ಕಾವಲಿತ್ತು ಎಂದು ತನಗೆ ತಿಳಿಯಲೇಬಾರದು. ಈಗ ಜರಡಿ ತೆಗೆದು, ಗುರುತಿನ ಮೇಲೆ ಕಾಗದ ಅಂಟಿಸಿ ತಟ್ಟೆ ಕೈಗಿಡುವುದು ಅದೇ ಸಹೋದ್ಯೋಗಿ.

“ಎಷ್ಟೋ ದಿನ ಮುಖ ಕೊಟ್ಟು ಮಾತಾಡ್ಲಿಲ್ಲ. ಈಗ ‘ಅಕ್ಕಾ, ಕದ್ದು ನೋಡ್ಬೇಡಿ’ ಅಂತ ರೇಗಿಸ್ತಾಳೆ,” ಎಂದು ತಟ್ಟೆಯಕ್ಕ ನಗುತ್ತಾರೆ.

ಕಳೆದ ತಿಂಗಳು ಎಣಿಕೆ ಮುಗಿಸಿ ಕಾಗದ ಕಿತ್ತು ನೋಡಿದರು. ಹಿಂದೆ ಅಂದುಕೊಂಡಷ್ಟು ಕೋಶಗಳು ಉಳಿದಿರಲಿಲ್ಲ. ಆದರೂ ಕಾವಲಿದ್ದ ತಟ್ಟೆಗಳಲ್ಲಿ ಪ್ರತಿ ಸಲವೂ ಹೆಚ್ಚು ಉಳಿದಿದ್ದವು. ತಟ್ಟೆಯಿಂದ ರೋಗಿಯ ಹಾಸಿಗೆಗೆ ದಾರಿ ಬಹಳ ದೂರ ಎಂದು ಮುಖ್ಯಸ್ಥೆ ಎಚ್ಚರಿಸುತ್ತಾರೆ. ಅಂದು ಸಂಜೆಯೂ ಬಾಗಿಲಲ್ಲಿ ಅದೇ ಪ್ರಶ್ನೆ ಬಂತು.

“‘ಕಮ್ಮಿ, ಆದ್ರೆ ಉಳಿದಿವೆ’ ಅಂದೆ. ಇವರ ಕಣ್ಣು ತುಂಬಿ ಬಂತು. ನಂದೂ ಅಷ್ಟೇ.”

ನಿಮಗೇನು ಆಸೆ ಎಂದು ಕೇಳಿದರೆ ಕೈಗವಸು ಕಳಚಿಡುತ್ತಾರೆ. ಆಮೇಲೆ ಮೆಲ್ಲಗೆ ಹೇಳುತ್ತಾರೆ: “ಇವರಿಗೆ ನಾನ್ಯಾರು ಅಂತ ಗೊತ್ತು, ನನ್ನ ಹೆಸರು ಮಾತ್ರ ಬಾಯಿಗೆ ಬರಲ್ಲ. ನಾಳೆ ಇನ್ಯಾರಿಗೋ ಹೀಗಾದಾಗ, ಹೆಂಡತಿ ಹೆಸರು ಅವರ ಬಾಯಲ್ಲಿ ಉಳೀಲಿ. ನಿಜವಾಗ್ಲೂ ಉಳೀಬೇಕು, ಬರೀ ನನ್ನ ಲೆಕ್ಕದಲ್ಲಲ್ಲ.”