ಕಿವಿಯನ್ನೇ ನಂಬಿದ ದೊಡ್ಡ ಸಾಹೇಬರು

ರೋಗಿಯ ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟೊಡನೆ ದೊಡ್ಡ ಸಾಹೇಬರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಪುಕ್ಕಟೆ ಪಾಸಿನ ಮೇಲೆ ಸಂಗೀತ ಕೇಳಲು ಬಂದವರ ಹಾಗೆ. ನುಂಗಲಾರದವರ ಮೂಗಿನಿಂದ ಹೊಟ್ಟೆಗೆ ಇಳಿಸಿದ ಟ್ಯೂಬಿಗೆ ನಾನು ಸಿರಿಂಜಿನಿಂದ ಗಾಳಿ ಒತ್ತಬೇಕು, ಅವರು ಕೇಳಬೇಕು. ಗುಳ್ ಎಂದರೆ ಮುಗಿಯಿತು. "ಹೊಟ್ಟ್ಯಾಗ ಐತಿ. ಹಾಲ್ ಹಾಕ್ರಿ," ಎಂದು ಮುಂದಿನ ಮಂಚಕ್ಕೆ ಹೊರಟುಬಿಡುತ್ತಿದ್ದರು.

ಬಾಗಲಕೋಟೆಯ ನವನಗರದ ಖಾಸಗಿ ದವಾಖಾನೆಯೊಂದರಲ್ಲಿ ಅವರು ಹಿರಿಯ ಡಾಕ್ಟರು. ಇಲಕಲ್ಲಿನ ನೇಕಾರರ ಮನೆಯಿಂದ ನರ್ಸಿಂಗ್ ಕಲಿತು ಬಂದ ನನಗೆ ಅದು ಮೊದಲ ಕೆಲಸ. ಟ್ಯೂಬು ದಾರಿ ತಪ್ಪಿ ಶ್ವಾಸನಾಳಕ್ಕೆ ಹೊಕ್ಕರೂ ಆ ಗುಳ್ ಸದ್ದು ಕೇಳಬಹುದು ಎಂದು ನರ್ಸಿಂಗ್ ಶಾಲೆಯಲ್ಲಿ ನಮಗೆ ಕಲಿಸಿದ್ದರು. ಎಕ್ಸ್‌ರೇ ತೆಗೆಸೋಣ ಎಂದರೆ ಸಾಹೇಬರು ಕಿವಿ ಮುಟ್ಟಿಕೊಂಡು ಹೇಳುವರು: "ಇದು ಇಪ್ಪತ್ತೈದ್ ವರ್ಷದ ಕಿವಿ. ಇದಕ್ಕ ಕರೆಂಟ್ ಬೇಕಾಗಿಲ್ಲ." ಅದನ್ನು ಹೊಸಬರೆದುರಿಗೆಲ್ಲ ಹೇಳುತ್ತಿದ್ದರು. ಹೇಳಿ, ನಗುವುದಕ್ಕೆ ನಮಗೆ ಸಮಯ ಕೊಡುತ್ತಿದ್ದರು. ನಾವು ನಗುತ್ತಿದ್ದೆವು.

ಲಕ್ವಾ ಹೊಡೆದ ಗುಡೂರಿನ ಶಾಂತವ್ವನಿಗೆ ಟ್ಯೂಬು ಹಾಕಿದ ದಿನ ಆಕೆ ಸಣ್ಣಗೆ ಕೆಮ್ಮುತ್ತಲೇ ಇದ್ದಳು.

"ಸರ್, ಅಜ್ಜಿ ಕೆಮ್ಮಾಕತ್ತಾಳ್ರಿ. ಒಂದು ಎಕ್ಸ್‌ರೇ..."

"ನೀ ಡಾಕ್ಟರ್ ಏನವಾ? ಹಾಕು ಹಾಲು."

ಹಾಕಿದೆ. ಸಂಜೆಗೆ ಆಕೆಯ ತುಟಿ ನೀಲಿಯಾಯಿತು. ಆಗ ತೆಗೆದ ಎಕ್ಸ್‌ರೇಯಲ್ಲಿ ಟ್ಯೂಬಿನ ತುದಿ ಬಲ ಶ್ವಾಸಕೋಶದಲ್ಲಿತ್ತು. ಸಾಹೇಬರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಕಂಕುಳಲ್ಲಿಟ್ಟುಕೊಂಡು ತಮ್ಮ ಕೋಣೆಗೆ ಹೋದರು. ಮೂರನೆಯ ದಿನ ಆಕೆ ತೀರಿಕೊಂಡಳು. "ವಯಸ್ಸಾಗಿತ್ತವಾ, ದೇವರ ಇಚ್ಛಾ," ಎಂದು ಅವರು ಆಕೆಯ ಮಗಳ ತಲೆ ಸವರಿದರು. ಆ ಮಗಳು ಬಗ್ಗಿ ಅವರ ಕಾಲು ಮುಟ್ಟಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಹಾಲು ಹಾಕಿದ ಕೈ ನನ್ನದೇ ಆಗಿತ್ತು.

ಮರುವರ್ಷ ಗರ್ಭಿಣಿಯರ ಸ್ಕ್ಯಾನಿಂಗಿಗೆಂದು ಶೈಲಜಾ ಎಂಬ ಡಾಕ್ಟರು ಬಂದರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಟ್ಯೂಬು ಎಲ್ಲಿದೆ ಎಂಬುದನ್ನು ಆ ಸ್ಕ್ಯಾನಿಂಗ್ ಮಷಿನ್ನಿನಲ್ಲೂ ನೋಡಬಹುದೆಂದು ಒಮ್ಮೆ ಚಹಾ ಕುಡಿಯುತ್ತ ಹೇಳಿದ್ದರು. ನಮ್ಮೂರಿನವರೇ ಆದ ನೇಕಾರ ವಿರೂಪಾಕ್ಷಪ್ಪ ಎಚ್ಚರ ತಪ್ಪಿ ಬಂದಾಗ ಸಾಹೇಬರು ಎಂದಿನಂತೆ ಕಣ್ಣು ಮುಚ್ಚಿ, "ಐತಿ," ಎಂದು ಹೋದರು. ರೋಗಿಯ ಉಸಿರು ಎಳೆಯುತ್ತಿತ್ತು. ನಾನು ಹಾಲಿನ ಲೋಟ ಕೆಳಗಿಟ್ಟು ಓಡಿದೆ.

ಶೈಲಜಾ ಮೇಡಮ್ಮು ಮಷಿನ್ನನ್ನು ವಾರ್ಡಿಗೇ ತಳ್ಳಿಕೊಂಡು ಬಂದರು. ಕುತ್ತಿಗೆಗೆ ಜೆಲ್ ಹಚ್ಚಿ ತೋರಿಸಿದರು: "ನಡುವ ಇರೋದು ಶ್ವಾಸನಾಳ. ಇದರ ಮಗ್ಗಲದಾಗ ಅನ್ನನಾಳ. ಟ್ಯೂಬ್ ಅಲ್ಲಿದ್ರ ಬೆಳ್ಳಗ ಕಾಣ್ಬೇಕಿತ್ತು. ಖಾಲಿ ಐತಿ ನೋಡು." ಹೊಟ್ಟೆಯ ಮೇಲಿಟ್ಟರೆ ಅಲ್ಲೂ ಇಲ್ಲ. ಟ್ಯೂಬು ತೆಗೆದು, ಪರದೆ ನೋಡುತ್ತಲೇ ಮತ್ತೆ ಇಳಿಸಿದೆವು. ಈ ಸಲ ಅನ್ನನಾಳದಲ್ಲಿ ಬಿಳಿ ಗೆರೆ ಮೂಡಿತು. ಗಾಳಿ ಬೆರೆಸಿದ ನೀರು ಒತ್ತಿದಾಗ ಹೊಟ್ಟೆಯೊಳಗೆ ಮಂಜಿನಂತೆ ಗುಳ್ಳೆಗಳೆದ್ದವು.

ಅಷ್ಟರಲ್ಲಿ ಸಾಹೇಬರು ಬಂದರು. "ಬಸರೇರ ಮಷಿನ್ ಗಂಡಸಿಗೆ ಹಚ್ಚೀರೇನು? ಇಂವಾ ಏನ್ ಹಡಿತಾನ?"

ವಾರ್ಡಿನಲ್ಲಿ ಒಬ್ಬಿಬ್ಬರು ನಕ್ಕರು.

"ಟ್ಯೂಬ್ ಶ್ವಾಸನಾಳದಾಗ ಇತ್ತ್ರಿ ಸರ್," ಎಂದರು ಮೇಡಮ್ಮು. "ಹಾಲ್ ಹಾಕಿದ್ರ ಹೋಗ್ತಿದ್ರು ಇವ್ರು."

ಸಾಹೇಬರು ಪರದೆಯತ್ತ ತಿರುಗಲೇ ಇಲ್ಲ. ಕೈಗಡಿಯಾರ ನೋಡಿಕೊಂಡು ಹೊರಟುಹೋದರು. ಎರಡು ವಾರಕ್ಕೆ ವಿರೂಪಾಕ್ಷಪ್ಪ ಹೆಂಡತಿಯ ಹೆಗಲು ಹಿಡಿದು ನಡೆಯುತ್ತ ಮನೆಗೆ ಹೋದರು. ಅಂದಿನಿಂದ ಟ್ಯೂಬು ಹಾಕಿದಾಗಲೆಲ್ಲ ಮಷಿನ್ನಿನಲ್ಲಿ ನೋಡುವುದು ವಾರ್ಡಿನಲ್ಲಿ ರೂಢಿಯಾಯಿತು.

ಸಾಹೇಬರ ಬೀಳ್ಕೊಡುಗೆಯ ದಿನ ಶೈಲಜಾ ಮೇಡಮ್ಮು ಬೇರೆ ಊರಿಗೆ ಹೋಗಿ ಆರು ತಿಂಗಳಾಗಿತ್ತು. ಹಾರದ ಮೇಲೆ ಹಾರ ಹಾಕಿಸಿಕೊಂಡು ಸಾಹೇಬರು ಮೈಕಿನಲ್ಲಿ ಹೇಳಿದರು: "ಸ್ಕ್ಯಾನ್ ಮಾಡಿ ಟ್ಯೂಬ್ ನೋಡೋ ಪದ್ಧತಿ ಈ ದವಾಖಾನ್ಯಾಗ ತಂದಾಂವ ನಾನ." ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈ ಕಟ್ಟಿಕೊಂಡು ಕೂತಿದ್ದೆ. ಇಳಿದು ಬಂದವರು ನನ್ನ ಮುಂದೆ ನಿಂತು, "ನೀ ಇಲಕಲ್ಲಿನಾಕಿ ಅಲ್ಲೇನವಾ? ನನ್ನ ಮಗಳ ಮದಿವಿಗೆ ಚಲೋ ಸೀರಿ ಕೊಡಸು," ಎಂದರು. ಅವರು ನನ್ನೊಡನೆ ಆಡಿದ ಕೊನೆಯ ಮಾತು ಅದು.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಅಂತಿಮ ದರ್ಶನಕ್ಕೆ ಎಲ್ಲರೂ ಹೊರಟರು. ನಾನು ಏಳದಿದ್ದುದನ್ನು ಕಂಡು ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಬಾಯಿಯವರು, "ಸತ್ತೋರ ಮ್ಯಾಲ ಸಿಟ್ಟ್ ಇಟ್ಕೋಬಾರ್ದವಾ," ಎಂದರು.

"ಸಿಟ್ಟಿಲ್ರಿ ಬಾಯಾರ," ಎಂದೆ. "ಸಿಟ್ಟ್ ಬರಾಕ ಅವರ ಮ್ಯಾಲ ಒಂಚೂರರ ಮರ್ಯಾದಿ ಉಳದಿರಬೇಕು."

ಮೇಟ್ರನ್ ಹಾರ ತೆಗೆದುಕೊಂಡು ಹೋದರು. ನಾನು ವಾರ್ಡಿನಲ್ಲೇ ಉಳಿದೆ.