ಅವರ್ಸಾ ದಂಡೆಯ ಹಗ್ಗ

ಕಾರವಾರಕ್ಕೆ ಹೋಗುವ ಮೋಟಾರು ತಪ್ಪಿಹೋಗಿ ಅವರ್ಸಾ ದಂಡೆಗೆ ಬಂದು ನಿಂತಿದ್ದೆ. ಸಂಜೆ ಕಾರವಾರದಿಂದ ಹೊರಡುವ ಉಗಿಯ ಆಗಬೋಟು ಹಿಡಿಯದಿದ್ದರೆ ನಾಳೆ ಮಂಗಳೂರಿನಲ್ಲಿ ತಂಗಿಯ ಮದುವೆ ನಾನಿಲ್ಲದೆಯೇ ಆಗುತ್ತದೆ. ಕಾರವಾರಕ್ಕೆ ಹೋಗಲು ಇರುವುದು ಒಂದೇ ದೋಣಿ, ಅದನ್ನು ನಡೆಸುವ ತಾಂಡೇಲ ಬೊಮ್ಮಯ್ಯನ ಅಜ್ಜನ ಕಾಲದ ಹಾಯಿಮಚವೆ. ಅದರ ಸವೆದ ಹಗ್ಗಗಳನ್ನೆಲ್ಲ ಬದಲಿಸಿ ಆಗಿತ್ತು. ಹಾಯಿ ಎತ್ತುವ ಹಗ್ಗವೊಂದು ಮಾತ್ರ ಸಿಕ್ಕುಬಿದ್ದಿತ್ತು. ಬೊಮ್ಮಯ್ಯ ಮರಳಲ್ಲಿ ಕುಕ್ಕರಗಾಲಲ್ಲಿ ಕೂತು ನಿಧಾನವಾಗಿ ಬಿಡಿಸುತ್ತಿದ್ದ.

"ಉಬ್ಬರ ಇಳಿದರೆ ಏನು ಮಾಡ್ತಿ ಮಾರಾಯ?"

"ಇದೊಂದು ಬಿಚ್ಚಿದ ಕೂಡ್ಲೆ ಹೊರಡುದೇ, ಒಡೆಯಾ," ಎಂದು ನೀರು ಕುಡಿಯಲು ಎದ್ದುಹೋದ.

ನನಗೆ ತಡೆಯಲಾಗಲಿಲ್ಲ. ಕಿಸೆಯಿಂದ ಚಾಕು ತೆಗೆದು ಗಂಟನ್ನು ಕೊಯ್ದೇಬಿಟ್ಟೆ.

ಬಂದು ನೋಡಿದವನು ಬೈಯಲಿಲ್ಲ. "ತುಂಡು ಸೇರಿಸಿ ಗಂಟು ಹಾಕಿದ್ರೆ ಹಾಯಿಕಂಬದ ಮೇಲಿನ ಕಪ್ಪಿಯೊಳಗೆ ಹೋಗುದಿಲ್ಲ. ಇನ್ನು ಎಳೆಗೆ ಎಳೆ ಹೆಣೀಬೇಕು," ಎಂದು ತುಂಡಾದ ಹಗ್ಗದ ಒಂದು ಕಡೆಯನ್ನು ನನ್ನ ಕೈಗೇ ಕೊಟ್ಟ.

ಎಳೆದು ಹಿಡಿದು ಕೂತೆ. ಗಡಿಯಾರ ನೋಡಲೂ ಕೈಗೆ ಬಿಡುವಿಲ್ಲ. ಅವನು ಎಳೆಗಳನ್ನು ಒಂದರೊಳಗೊಂದು ತೂರಿಸುತ್ತಲೇ ಇದ್ದ. ನೀರು ಇಳಿದು ಮಚವೆ ಮರಳ ಮೇಲೆ ಓರೆಯಾಯಿತು. ಹೊತ್ತು ಮುಳುಗುವಾಗ, ದೂರದ ಕಡಲಲ್ಲಿ ಹೊಗೆ ಬಿಡುತ್ತ ಮಂಗಳೂರಿನ ಕಡೆ ಸಾಗುವ ಆಗಬೋಟು ಕಂಡಿತು. ದಡಬಡಿಸಿ ಎದ್ದೆ.

"ಸಡಿಲ ಬಿಡಬ್ಯಾಡಿ ಒಡೆಯಾ, ಮತ್ತೆ ಮೊದಲಿಂದ ಹೆಣೀಬೇಕಾಗ್ತದೆ," ಎಂದ ಬೊಮ್ಮಯ್ಯ, ತಲೆ ಎತ್ತದೆ.

ಮತ್ತೆ ಕೂತು ಬಿಗಿಯಾಗಿ ಹಿಡಿದೆ.